ಒರತೆಯೊಡೆಯನ ಉಪ್ಪಿಲ್ಲದೂಟ

ಪುಕ್ಕಲನಾದವನು ತಾನು ಪುಕ್ಕಲ ಎಂದು ಒಪ್ಪಿಕೊಂಡು ಸುಮ್ಮನಿದ್ದರೆ ಅವನ ಮನೆಗೂ ಕ್ಷೇಮ, ಊರಿಗೂ ಕ್ಷೇಮ. ಐತ್ ಉಸ್ಕಾ ಊರಿನ ಬೂಜೆಕ್ರಿಗೆ ಈ ಸಣ್ಣ ವಿಷಯ ಕೊನೆಯವರೆಗೂ ತಲೆಗೆ ಹತ್ತಲಿಲ್ಲ. ಚಹಾದ ಲೋಟ ಕೈಗೆ ಬಂದರೆ ಸಾಕು, ಅವನು ಸಿಂಹವಾಗಿಬಿಡುತ್ತಿದ್ದ. ಮೊದಲ ಲೋಟಕ್ಕೆ ತೋಳವನ್ನು ಬರಿಗೈಯಲ್ಲಿ ಅಟ್ಟಿದ ಕಥೆ ಹೇಳುವನು, ಎರಡನೆಯದಕ್ಕೆ ಹಿಮದಲ್ಲಿ ಒಬ್ಬನೇ ಕಣಿವೆ ದಾಟಿದ ಕಥೆ. ಮೂರನೆಯ ಲೋಟ ಮುಗಿಯುವ ಹೊತ್ತಿಗೆ ಕೇಳುವವರು ಯಾರೂ ಉಳಿದಿರುತ್ತಿರಲಿಲ್ಲ.

ಆ ವರ್ಷ ಬೆಟ್ಟ ನಡುಗಿತಲ್ಲ, ಆಗಿನಿಂದ ಊರಿನ ಒರತೆ ಸೊರಗಿತು. ಮೊದಲು ತೋಳಿನಷ್ಟು ದಪ್ಪ ಹರಿಯುತ್ತಿದ್ದ ನೀರು ಬೆರಳಿನಷ್ಟಾಯಿತು, ಬೇಸಿಗೆ ಬರುವಷ್ಟರಲ್ಲಿ ದಾರದಷ್ಟಾಯಿತು. ಮೆಟ್ಟಿಲು ಗದ್ದೆಗಳಲ್ಲಿ ಜೋಳ ಮುದುಡಿ ನಿಂತಿತು. ಬೂಜೆಕ್ರಿಯ ಹೆಂಡತಿ ತೂದಾ ಒಂದು ಬೆಳಿಗ್ಗೆ ರೊಟ್ಟಿ ತಟ್ಟುತ್ತಲೇ ತೀರ್ಪು ಕೊಟ್ಟಳು.

“ನೋಡು, ನೀರು ಬಂದ್ರೆ ನಾನಿಲ್ಲಿರ್ತೀನಿ. ಬರ್ಲಿಲ್ವೋ, ಕೆಳಗೆ ರಸ್ತೆ ಪಕ್ಕ ನಮ್ಮಣ್ಣನ ಮನೆಗೆ ಹೋಗ್ತೀನಿ. ಅವನ ಮನೇಲಿ ನಲ್ಲಿ ಇದೆ.”

“ನಾನು?”

“ನೀನು ಇಲ್ಲೇ ಇರು. ತೋಳ ಅಟ್ಕೊಂಡು.”

ತೂದಾಳ ನಾಲಿಗೆ ಹರಿತವೇ ಆದರೂ ಅವಳಿಲ್ಲದ ಮನೆಯನ್ನು ಬೂಜೆಕ್ರಿಗೆ ನೆನೆಸಿಕೊಳ್ಳುವುದಕ್ಕೂ ಆಗುತ್ತಿರಲಿಲ್ಲ. ಅವಳು ಒಂದು ದಿನ ತವರಿಗೆ ಹೋದರೂ ಅವನಿಗೆ ತನ್ನ ಚಪ್ಪಲಿ ಎಲ್ಲಿದೆ ಎಂದು ತಿಳಿಯುತ್ತಿರಲಿಲ್ಲ. ಹಾಗಾಗಿ ಊರ ಹಿರಿಯಳಾದ ಲಲ್ಲಾ ಈಜ್ಜಾ ಎಲ್ಲರನ್ನೂ ಮಸೀದಿಯ ಪಕ್ಕದ ಕಟ್ಟೆಗೆ ಕರೆಸಿ, “ಒರತೆಯೊಡೆಯನಿಗೆ ಊಟ ಇಡ್ಬೇಕು, ಯಾರು ಒಯ್ತೀರಿ?” ಎಂದು ಕೇಳಿದಾಗ ಅವನ ಕೈ ತಾನಾಗಿ ಮೇಲೆದ್ದಿತು. ಕೈಯಲ್ಲಿ ಚಹಾದ ಲೋಟವಿದ್ದುದು ಅದಕ್ಕೆ ಇನ್ನೊಂದು ಕಾರಣ.

ನಿಯಮಗಳು ಎಲ್ಲರಿಗೂ ಗೊತ್ತಿದ್ದವೇ. ಒರತೆಯೊಡೆಯನೆಂದರೆ ನೀರನ್ನು ಕಾಯುವ ಜಿನ್ನು. ಆ ಜನ ಉಪ್ಪು ತಿನ್ನುವುದಿಲ್ಲ, ಆದ್ದರಿಂದ ಕೋಳಿಯೂ ಗೋಧಿರವೆಯ ಕುಸ್ಕುಸೂ ಉಪ್ಪಿಲ್ಲದೆ ಬೇಯಬೇಕು. ಒಯ್ಯುವವನ ಮೈಮೇಲೆ ಕಬ್ಬಿಣ ಇರಬಾರದು. ಮುಸ್ಸಂಜೆಗೆ ತಟ್ಟೆಯನ್ನು ಒರತೆಯ ಕಲ್ಲಿನ ಮೇಲಿಟ್ಟು, ಮಾತಾಡದೆ, ಹಿಂದಿರುಗಿ ನೋಡದೆ ಬರಬೇಕು. ತಟ್ಟೆ ಬರಿದಾದರೆ ಒಡೆಯನು ಉಂಡ ಎಂದರ್ಥ. ಉಂಡವನು ನೀರು ಕೊಡುತ್ತಾನೆ, ಆದರೆ ಸುಮ್ಮನೆ ಕೊಡುವುದಿಲ್ಲ. ಹೋಗುವಾಗ ಒಂದನ್ನು ಕೇಳುತ್ತಾನೆ. ಅದನ್ನು ಇಲ್ಲ ಎನ್ನಬಾರದು.

“ಏನು ಕೇಳ್ತಾನಜ್ಜಿ?” ಎಂದು ಪಕ್ಕದ ಮನೆಯ ಅಸ್ಸೂ ಕೇಳಿದ.

“ನನ್ನ ಕಾಲದಲ್ಲಿ ಕೇಳೇ ಇಲ್ಲ. ನಮ್ಮಜ್ಜಿ ಕಾಲದಲ್ಲಿ ಏನೋ ಕೇಳಿದ್ನಂತೆ. ಅವಳು ಅದನ್ನ ಮಾತ್ರ ಹೇಳ್ತಿರ್ಲಿಲ್ಲ.”

ಬೂಜೆಕ್ರಿ ಹೊರಟ. ಧೈರ್ಯಕ್ಕಿರಲಿ ಎಂದು ಸೊಂಟದಲ್ಲೊಂದು ಚಾಕು ಸಿಕ್ಕಿಸಿದ, ಅದೂ ಸಾಲದೆಂದು ಮೈಮೇಲಿನ ಉದ್ದ ನಿಲುವಂಗಿ ಜಿಲ್ಲಾಬದ ಕಿಸೆಗೆ ಒಂದು ಹಿಡಿ ಉಪ್ಪು ಸುರಿದುಕೊಂಡ. ಅತಿಥಿಯನ್ನು ಊಟಕ್ಕೆ ಕರೆಯಲು ಹೊರಟವನು ಅತಿಥಿಯನ್ನು ಓಡಿಸುವ ಸಾಮಾನನ್ನೆಲ್ಲ ಹೊತ್ತುಕೊಂಡು ಹೋದಂತಾಯಿತು. ದಾರಿಯ ತಿರುವಿನಲ್ಲಿ ದೊಡ್ಡ ಅಕ್ರೋಟಿನ ಮರವಿದೆ. ಅಲ್ಲಿಗೆ ಬರುವಾಗ ಕತ್ತಲು ಇಳಿಯುತ್ತಿತ್ತು. ಗಾಳಿ ಇರಲಿಲ್ಲ, ಆದರೂ ಮರದ ಒಂದೇ ಒಂದು ಕೊಂಬೆ ಅಲ್ಲಾಡುತ್ತಿತ್ತು.

ಬೂಜೆಕ್ರಿ ತಟ್ಟೆಯನ್ನು ಮರದ ಬುಡದಲ್ಲಿಟ್ಟು, ಮಾತಾಡದೆ, ಹಿಂದಿರುಗಿ ನೋಡದೆ ಓಡಿಬಂದ. ನಿಯಮ ಅಷ್ಟರಮಟ್ಟಿಗೆ ಪಾಲನೆಯಾಯಿತು.

“ಕಲ್ಲಿನ ಮೇಲೇ ಇಟ್ಟೆಯಾ?” ಲಲ್ಲಾ ಈಜ್ಜಾ ಕೇಳಿದಳು.

“ಮತ್ತೆ? ಕಲ್ಲನ್ನ ಒರೆಸಿ ಇಟ್ಟೆ,” ಎಂದ ಬೂಜೆಕ್ರಿ.

ಮರುದಿನ ಬೆಳಕು ಹರಿಯುತ್ತಲೇ ಊರಿಗೆ ಊರೇ ಒರತೆಗೆ ಹೊರಟಿತು. ಬೂಜೆಕ್ರಿ ಎಲ್ಲರಿಗಿಂತ ಮುಂದೆ ನಡೆದ. ಮರದ ಬುಡದಲ್ಲಿರುವ ತಟ್ಟೆಯನ್ನು ಹೇಗಾದರೂ ಜಿಲ್ಲಾಬದ ಅಡಿಗೆ ಸೇರಿಸಿಕೊಳ್ಳಬೇಕೆಂಬುದು ಅವನ ಉಪಾಯ. ಮರದ ಬುಡದಲ್ಲಿ ತಟ್ಟೆ ಇರಲಿಲ್ಲ. ನಾಯಿ ಎಳೆದಿರಬೇಕು ಎಂದುಕೊಂಡು ಮೇಲೆ ಹತ್ತಿದರೆ, ಒರತೆಯ ಕಲ್ಲಿನ ಮೇಲೆ ಬರಿದಾದ ತಟ್ಟೆ ಇತ್ತು. ಅದರ ಪಕ್ಕದಲ್ಲಿ ಒಬ್ಬ ಉದ್ದನೆಯ ಮನುಷ್ಯ ಕೂತಿದ್ದ. ಕೂದಲು ಬಿಳಿ, ರೆಪ್ಪೆಯೂ ಬಿಳಿ, ಕಣ್ಣು ಮಾತ್ರ ನೀರಿನ ಬಣ್ಣ.

ಆತ ಎದ್ದು ನಿಂತು ಎದೆಯ ಮೇಲೆ ಕೈಯಿಟ್ಟುಕೊಂಡ.

“ಎಲೈ ಮಾನ್ಯರೇ, ನಿಮಗೆ ಶುಭವಾಗಲಿ. ನೀವಿಟ್ಟ ಅನ್ನದಿಂದ ಎನ್ನ ಒಡಲು ತಣಿಯಿತು.”

ಊರಿನದೇ ಭಾಷೆ, ಆದರೆ ಸತ್ತುಹೋದ ಮುತ್ತಜ್ಜಿಯರು ಆಡುತ್ತಿದ್ದಂಥದ್ದು. ಲಲ್ಲಾ ಈಜ್ಜಾಳ ಕಣ್ಣಲ್ಲಿ ನೀರು ಬಂತು. “ನಮ್ಮಜ್ಜಿ ಹಿಂಗೇ ಮಾತಾಡ್ತಿದ್ಲು,” ಎಂದು ಪಿಸುಗುಟ್ಟಿದಳು.

ಮುಖದ್ದಮ್ ಎಂದರೆ ಊರಿನಲ್ಲಿ ಸರ್ಕಾರದ ಕಣ್ಣು, ಕಿವಿ ಎರಡೂ. ಅವನು ಗಂಟಲು ಸರಿಮಾಡಿಕೊಂಡು ಮುಂದೆ ಬಂದ. “ತಾವು ಯಾವ ಕಡೆಯವರು?”

“ಬಹು ದೂರದವನು. ಎಮ್ಮ ನಾಡು ನೀರಿಗಿಂತ ಕೆಳಗಿದೆ,” ಎಂದ ಆತ, ಹೆಮ್ಮೆಯಿಂದ. “ಮೇಲೆ ನೀರು, ಕೆಳಗೆ ನಾವು. ಅಭ್ಯಾಸವಾಗಿದೆ.”

ಮುಖದ್ದಮ್ ಬಂದ ಹೆಜ್ಜೆಯಲ್ಲೇ ಹಿಂದಕ್ಕೆ ಸರಿದು ಹೆಂಗಸರ ಹಿಂದೆ ನಿಂತುಕೊಂಡ.

ಓದುಗರಿಗೆ ಹೇಳಿಬಿಡುತ್ತೇನೆ. ಆತನ ಹೆಸರು ಯೋಸ್ತ್, ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿರುವ ಹಾಲೆಂಡ್ ದೇಶದವನು, ಹಳೆಯ ಹಾಡಿನ ಧ್ವನಿಮುದ್ರಿಕೆ ಕೇಳಿ ಕೇಳಿ ಭಾಷೆ ಕಲಿತವನು. ಪ್ರವಾಸಿಗರು ಯಾರೂ ಬಾರದ ಊರು ನೋಡಬೇಕೆಂದು ಯಾರೂ ಬಾರದ ಕಣಿವೆ ಹತ್ತಿ ಬಂದಿದ್ದ. ಇದನ್ನೆಲ್ಲ ಕೇಳಿದ್ದರೆ ಆತನೇ ಹೇಳುತ್ತಿದ್ದ. ಕೇಳುವ ಎದೆ ಯಾರಿಗಿತ್ತು?

ಊಟ ಒಯ್ದವನ ಮನೆಯಲ್ಲೇ ಒಡೆಯನು ಇಳಿದುಕೊಳ್ಳಬೇಕೆಂದು ಲಲ್ಲಾ ಈಜ್ಜಾ ಸ್ಥಳದಲ್ಲೇ ಅಪ್ಪಣೆ ಮಾಡಿದಳು. ಊರಿನವರೆಲ್ಲ ಬೂಜೆಕ್ರಿಯ ಬೆನ್ನು ತಟ್ಟಿದರು. ಉಳಿದವರಿಗೆ ಗೊತ್ತಿದ್ದುದು ತಟ್ಟೆ ಬರಿದಾದದ್ದು ಮಾತ್ರ. ತಟ್ಟೆ ತಾನಾಗಿ ಅಷ್ಟು ದೂರ ಹತ್ತಿಹೋಗಿತ್ತು ಎಂಬುದು ಅವನೊಬ್ಬನಿಗೇ ಗೊತ್ತು. ಹೇಳಿದರೆ ಮಾನ ಹೋಗುತ್ತದೆ, ಹೇಳದಿದ್ದರೆ ಜೀವ ಹೋಗುವಂತಿದೆ. ಅವನು ಸದ್ಯಕ್ಕೆ ಮಾನವನ್ನೇ ಇಟ್ಟುಕೊಂಡ.

ಮನೆಯಲ್ಲಿ ತೂದಾ ರೊಟ್ಟಿ, ಎಣ್ಣೆ, ಬೇಯಿಸಿದ ಮೊಟ್ಟೆ ಇಟ್ಟು, ಪಕ್ಕದಲ್ಲಿ ಉಪ್ಪಿನ ಬಟ್ಟಲನ್ನೂ ಇಟ್ಟಳು. ಬೇಕೆಂದೇ ಇಟ್ಟಳು. ಬಾಗಿಲ ಸಂದಿ, ಕಿಟಕಿ, ಮಾಳಿಗೆಯ ಬೆಳಕಿಂಡಿ ಎಲ್ಲ ಕಡೆಯೂ ಕಣ್ಣುಗಳಿದ್ದವು.

ಅತಿಥಿ ಉಪ್ಪಿನ ಬಟ್ಟಲನ್ನು ಒಂದು ಬೆರಳಿನಿಂದ ನಯವಾಗಿ ದೂರ ತಳ್ಳಿದ. “ತಾಯೇ, ಇದು ಎನಗೆ ವಿಷ. ರಕ್ತ ಕುದಿಯುವುದು ಎಂದು ವೈದ್ಯರು ಹೇಳಿರುವರು.”

ಬೆಳಕಿಂಡಿಯಿಂದ ಯಾರೋ “ಯಾ ಲತೀಫ್, ದೇವರೇ” ಎಂದು ನಿಟ್ಟುಸಿರುಬಿಟ್ಟರು. ಅವರು ಬೀಳದಂತೆ ಇನ್ಯಾರೋ ಹಿಡಿದುಕೊಂಡರು.

ಮಿಕ್ಕಿದ್ದು ಪಾದದ ಪ್ರಶ್ನೆ. ಆ ಜನರ ಗುಟ್ಟು ಪಾದದಲ್ಲಿರುತ್ತದೆ, ಗೊರಸೋ ಪಂಜವೋ ಏನಾದರೊಂದು ಇರಲೇಬೇಕು. ಅಸ್ಸೂ ಚಹಾ ಹಿಡಿದುಕೊಂಡು ಬಂದವನು ಬೇಕಂತಲೇ ಲೋಟ ಬೀಳಿಸಿ, ಹೆಕ್ಕುವ ನೆಪದಲ್ಲಿ ಮೇಜಿನ ಅಡಿಗೆ ತೂರಿದ. ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದವನ ಮುಖ ಸುಣ್ಣದ ಗೋಡೆಯಾಗಿತ್ತು. ಅಂಗಳದಲ್ಲಿ ಅವನ ಸುತ್ತ ಜನ ಮುತ್ತಿದರು.

“ಗೊರಸಾ?” ಮುಖದ್ದಮ್ ಕೇಳಿದ.

“ಅಲ್ಲ. ಬೆರಳಿದಾವೆ. ಬೇರೆ ಬೇರೆ ಬೆರಳು. ಕಪ್ಪಗೆ, ಕಪ್ಪೆ ಚರ್ಮದ ಥರ.”

“ಉಗುರು?”

“ಅದೇ ಹೇಳ್ತಿರೋದು. ಉಗುರಿಲ್ಲ.”

ಪಾಪದ ಯೋಸ್ತ್ ಹಾಕಿಕೊಂಡಿದ್ದದ್ದು ಒಂದೊಂದು ಬೆರಳಿಗೂ ಬೇರೆ ಬೇರೆ ಗೂಡಿರುವ ರಬ್ಬರಿನ ಬೂಟು. ಬೆಟ್ಟ ಹತ್ತಲು ಒಳ್ಳೆಯದಂತೆ. ಅದನ್ನು ಮಾಡಿದವನಿಗೆ ಐತ್ ಉಸ್ಕಾದ ಪಾಡು ಏನು ಗೊತ್ತು?

ಮುಖದ್ದಮನಿಗೆ ಬೇರೆಯದೇ ಸಂಕಟ. ಊರಿಗೆ ಯಾರು ಹೊಸಬರು ಬಂದರೂ ಅವನು ಕೆಳಗಿನ ಕಚೇರಿಗೆ ತಿಳಿಸಬೇಕು. ಅವನು ಗೋಡೆಗೊರಗಿ ಕೂತು ತಲೆ ತುರಿಸಿಕೊಂಡ.

“ಮನುಷ್ಯ ಬಂದ ಅಂದ್ರೆ ಸುಳ್ಳು ಹೇಳ್ದಂಗೆ. ಮನುಷ್ಯ ಅಲ್ಲದೋನು ಬಂದ ಅಂದ್ರೆ ನನ್ನ ಕೆಲ್ಸ ಹೋಗುತ್ತೆ. ಬೂಜೆಕ್ರಿ ನೆಂಟ ಅಂದ್ಬಿಡ್ತೀನಿ.”

“ಯಾರ ಕಡೆ ನೆಂಟ?” ಅಸ್ಸೂ ಕೇಳಿದ.

“ಇವನ ಕಡೆ,” ಎಂದಳು ತೂದಾ ಒಳಗಿನಿಂದ. “ನಮ್ಮ ಕಡೆಯೋರಿಗೆಲ್ಲ ಉಗುರಿದೆ.”

ಇಷ್ಟಾದರೂ ಒಂದಿಬ್ಬರಿಗೆ ಅನುಮಾನವಿತ್ತು. ಅದನ್ನು ಅಸ್ಸೂವಿನ ಹೇಸರಗತ್ತೆ ಕಳೆಯಿತು. ವಾರದ ಹಿಂದೆ ಕಳೆದುಹೋಗಿದ್ದ ಆ ಪ್ರಾಣಿಯ ವಿಷಯವನ್ನು ಅಸ್ಸೂ ಕೈಮುಗಿದು ಅತಿಥಿಯ ಮುಂದಿಟ್ಟಾಗ, ಆತ ಒಂದು ಕ್ಷಣ ಕಣ್ಣುಮುಚ್ಚಿ, “ಕಂದು ಬಣ್ಣವೇ? ಒಂದು ಕಿವಿ ಹರಿದಿದೆಯೇ? ಆಚೆಯ ಕಣಿವೆಯಲ್ಲಿ ಮುಳ್ಳುಗಿಡ ಮೇಯುತ್ತಿರುವುದು,” ಎಂದ. ಬರುವ ದಾರಿಯಲ್ಲಿ ಕಂಡಿದ್ದ, ಅಷ್ಟೇ. ಸಂಜೆಗೆ ಅಸ್ಸೂ ಹೇಸರಗತ್ತೆಯನ್ನು ಹಿಡಿದುಕೊಂಡು ಬಂದ. ಅಲ್ಲಿಂದಾಚೆಗೆ ಊರಿನವರು ಬೂಜೆಕ್ರಿಯ ಅಂಗಳಕ್ಕೆ ಬೆನ್ನು ತೋರಿಸದೆ ಹಿಂದು ಹಿಂದಕ್ಕೆ ನಡೆದು ಹೋಗತೊಡಗಿದರು. ಒಬ್ಬಿಬ್ಬರು ಅಂಗಳದ ಕಟ್ಟೆಗೆ ಎಡವಿ ಬಿದ್ದರು.

ಯೋಸ್ತನಿಗೆ ಈ ಊರಿನ ಮರ್ಯಾದೆ ಕಂಡು ಹೃದಯ ತುಂಬಿಬಂತು. ಅವನು ಯಾರ ಹೊಲಕ್ಕೆ ಹೋದರೂ ಕುಡುಗೋಲು, ಗುದ್ದಲಿ ಎಲ್ಲವನ್ನೂ ಬೆನ್ನ ಹಿಂದೆ ಅಡಗಿಸುತ್ತಿದ್ದರು. ಬೇಸಾಯದ ಸಲಕರಣೆಯನ್ನು ಅಷ್ಟು ಗೌರವದಿಂದ ಕಾಪಾಡುವ ಜನರನ್ನು ತಾನೆಲ್ಲೂ ಕಂಡಿಲ್ಲ ಎಂದು ಆತ ತೂದಾಳಿಗೆ ಹೇಳಿದ. ಅವಳು ತಲೆ ತಗ್ಗಿಸಿ ಉಪ್ಪಿಲ್ಲದ ಸಾರು ಬಡಿಸಿದಳು.

ಮೂರನೆಯ ಬೆಳಿಗ್ಗೆ ಆತ ಹೊರಟುನಿಂತ. ಎಲ್ಲರೂ ಕಟ್ಟೆಯ ಬಳಿ ಸೇರಿದ್ದರು. ಒರತೆಯಲ್ಲಿ ನೀರು ಇನ್ನೂ ದಾರದಷ್ಟೇ ಇತ್ತು. ಈಗ ಕೇಳುತ್ತಾನೆ ಎಂದು ಎಲ್ಲರಿಗೂ ಗೊತ್ತಿತ್ತು. ಯಾರ ಹಸು, ಯಾರ ಗದ್ದೆ, ಯಾರ ಮಗಳು ಎಂದು ಒಬ್ಬೊಬ್ಬರೂ ಮನಸ್ಸಿನಲ್ಲೇ ಎಣಿಸುತ್ತಿದ್ದರು.

ಆತ ಬೂಜೆಕ್ರಿಯ ಹೆಗಲ ಮೇಲೆ ಕೈಯಿಟ್ಟ. “ಮಾನ್ಯರೇ, ಮೇಲಿನ ಕಣಿವೆಯ ದಾರಿಯನ್ನು ನಾನರಿಯೆ. ಈತನನ್ನು ಎನಗೆ ಕೊಡಿ.”

ಲಲ್ಲಾ ಈಜ್ಜಾ ಮೆಲ್ಲಗೆ, “ಕೊಟ್ಟಿದೀವಿ,” ಎಂದಳು. ಸುತ್ತಲೂ ಜನ ಬಿಟ್ಟ ಉಸಿರಿಗೆ ಧೂಳೆದ್ದಿತು. ತಮ್ಮ ಹಸು ಉಳಿಯಿತಲ್ಲ.

ಬೂಜೆಕ್ರಿ ಮಾನವನ್ನು ಅಲ್ಲೇ ಕೆಳಗೆ ಹಾಕಿದ. “ಅಜ್ಜಿ, ತಡಿ, ನಾನು ತಟ್ಟೆನ ಒರತೆ ಹತ್ರ ಇಟ್ಟೇ ಇಲ್ಲ. ಅಕ್ರೋಟಿನ ಮರದ ಕೆಳಗೆ ಇಟ್ಟು ಓಡಿಬಂದೆ. ಕಿಸೇಲಿ ಉಪ್ಪಿತ್ತು, ಸೊಂಟದಲ್ಲಿ ಚಾಕು ಇತ್ತು. ಇವನು ಒಡೆಯ ಅಲ್ಲ, ಯಾರೋ ದಾರಿಹೋಕ.”

“ಹಂಗಾದ್ರೆ ತಟ್ಟೆನ ಕಲ್ಲಿನ ಮೇಲೆ ತಂದಿಟ್ಟೋರು ಯಾರು?” ಲಲ್ಲಾ ಈಜ್ಜಾ ಕೇಳಿದಳು.

ಬೂಜೆಕ್ರಿ ಅತಿಥಿಯ ಕಡೆ ಬೆರಳು ತೋರಿಸಿದ.

“ಪಾಪ, ಭಯಕ್ಕೆ ಏನೇನೋ ಬಡಬಡಿಸ್ತಿದ್ದಾನೆ,” ಎಂದ ಮುಖದ್ದಮ್. “ಒಯ್ದವನು ವೀರನೇ. ನಾವೆಲ್ಲ ನೋಡಿದೀವಲ್ಲ.”

ಜೀವಮಾನವೆಲ್ಲ ಸುಳ್ಳು ವೀರಗಾಥೆ ಹೇಳಿದವನು ಒಂದೇ ಒಂದು ನಿಜ ಹೇಳಿದಾಗ ಅದನ್ನು ನಂಬುವ ಕಿವಿ ಊರಿನಲ್ಲಿ ಉಳಿದಿರಲಿಲ್ಲ. ಜನ ಸಾಲಾಗಿ ಬಂದು ಅವನ ಹೆಗಲಿಗೆ ಮುತ್ತಿಟ್ಟು, ಮರಳಿ ಬಾರದವನಲ್ಲಿ ಕೇಳುವಂತೆ ಕ್ಷಮೆ ಕೇಳಿದರು. ಅಸ್ಸೂ ಗಳಗಳನೆ ಅತ್ತ.

“ಬೂಜೆಕ್ರಿ, ನಮ್ಮಿಬ್ಬರ ಗದ್ದೆ ಗಡಿಕಲ್ಲು ಸರಿಸಿದ್ದು ನಾನೇ ಕಣೋ. ಹೊಟ್ಟೇಲಿ ಹಾಕ್ಕೋ.”

“ವಾಪಸ್ ಇಡೋ ಹಂಗಾದ್ರೆ.”

“ಈಗ ನಿಂಗ್ಯಾಕೋ ಅದು?” ಎಂದ ಅಸ್ಸೂ, ಮೂಗು ಒರೆಸಿಕೊಳ್ಳುತ್ತ.

ತೂದಾ ಮಾತ್ರ ಅವನ ಜಿಲ್ಲಾಬದ ತೋಳು ಹಿಡಿದುಕೊಂಡು ಬಿಡಲಿಲ್ಲ. “ಅಣ್ಣನ ಮನೆಗೆ ಹೋಗ್ತೀನಿ ಅಂದಿದ್ದು ಬಾಯಿಮಾತಿಗೆ. ನಂಗೆ ನೀರು ಬೇಡ. ಇವನೇ ಇರ್ಲಿ,” ಎಂದಳು. ಅವಳ ದನಿ ಅಷ್ಟು ಮೆತ್ತಗಿದ್ದುದನ್ನು ಬೂಜೆಕ್ರಿ ಹಿಂದೆಂದೂ ಕೇಳಿರಲಿಲ್ಲ, ಅವನಿಗೆ ಅಳುವೇ ಬಂತು. ಲಲ್ಲಾ ಈಜ್ಜಾ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಇದೊಂದು ಸೊಗಸಾದ ಬೀಳ್ಕೊಡುಗೆ ಎಂದುಕೊಂಡ ಯೋಸ್ತ್ ಎಲ್ಲರಿಗೂ ಕೈಬೀಸಿದ.

ಏರುದಾರಿಯಲ್ಲಿ ಬೂಜೆಕ್ರಿ ಮೊದಲು ಹತ್ತು ಹೆಜ್ಜೆ ಮುಂದೆಯೇ ನಡೆದ. ಆದರೆ ಬಿಸಿಲೇರಿದಂತೆ ಅತಿಥಿ ಬೆವರಿದ, ಏದುಸಿರು ಬಿಟ್ಟ, ಕಲ್ಲೊಂದಕ್ಕೆ ಮೊಣಕಾಲು ತಾಗಿಸಿಕೊಂಡು ತನ್ನ ಭಾಷೆಯಲ್ಲಿ ಏನೋ ಬೈದುಕೊಂಡ. ಮೊಣಕಾಲಿನಿಂದ ಕೆಂಪು ರಕ್ತವೇ ಬಂತು. ಬೂಜೆಕ್ರಿಗೆ ಜೀವ ಮರಳಿತು. ಇಂಥ ಬೆವರುವ, ಕುಂಟುವ ಪ್ರಾಣಿಯನ್ನು ಒಡೆಯ ಎಂದುಕೊಂಡೆವಲ್ಲ ಎಂದು ಅವನು ಬಿದ್ದು ಬಿದ್ದು ನಕ್ಕ. ಅವನ ಹಳೆಯ ಚಪ್ಪಲಿ ಜಲ್ಲಿಕಲ್ಲಿನಲ್ಲಿ ಕಿತ್ತುಹೋದಾಗ ಯೋಸ್ತ್ ಚೀಲದಿಂದ ಇನ್ನೊಂದು ಜೊತೆ ಬೆರಳುಬೂಟು ತೆಗೆದುಕೊಟ್ಟ. ಗಾಳಿ ಕೊರೆಯುತ್ತದೆಂದು ತನ್ನ ಹಳದಿ ಅಂಗಿಯನ್ನೂ ಅವನಿಗೆ ಹೊದಿಸಿದ.

ಕಣಿವೆದಾರಿಯ ನೆತ್ತಿಯಲ್ಲಿ ಕೂತಾಗ ಬೂಜೆಕ್ರಿ ಕೊನೆಗೂ ಕೇಳಿದ. “ಅಲ್ಲ ಸ್ವಾಮಿ, ಆ ತಟ್ಟೆನ ಮರದ ಬುಡದಿಂದ ಒರತೆಗೆ ಯಾಕೆ ಹೊತ್ತುಕೊಂಡು ಹೋದಿರಿ?”

“ನಾನು ಹೊರಲಿಲ್ಲ. ಹಿರಿಯರೊಬ್ಬರು ತಂದರು.”

“ಯಾವ ಹಿರಿಯರು?”

“ಒರತೆಯ ಬಳಿ ಇದ್ದರು. ಮಳೆಯಿಲ್ಲದ ಆ ಸಂಜೆಯಲ್ಲೂ ಅವರ ಬಟ್ಟೆಯ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ನಾನು ಹಸಿದಿರುವೆನೆಂದು ತಿಳಿದು ಕೆಳಗೆ ಹೋಗಿ ತಟ್ಟೆ ತಂದರು. ‘ತಂದವನು ಅರ್ಧದಾರಿಯಲ್ಲೇ ಬಿಟ್ಟು ಓಡಿದ, ಸೊಂಟದಲ್ಲಿ ಚಾಕು, ಕಿಸೆಯಲ್ಲಿ ಉಪ್ಪು, ಪಾಪ’ ಎಂದು ಬಹಳ ನಕ್ಕರು. ‘ನೀನೇ ಉಣ್ಣು, ಅವನನ್ನು ನಾನು ಬಲ್ಲೆ’ ಎಂದರು.” ಯೋಸ್ತ್ ಚೀಲ ಬಿಗಿದುಕೊಂಡ. “ನಿಮ್ಮ ಊರಿನವರೇ ಇರಬೇಕೆಂದುಕೊಂಡೆ. ಆದರೆ ಊರಿನಲ್ಲಿ ಅವರು ಮತ್ತೆಲ್ಲೂ ಕಾಣಲಿಲ್ಲ.”

ಆತ ಬೂಜೆಕ್ರಿಯನ್ನು ಬಿಗಿಯಾಗಿ ಅಪ್ಪಿಕೊಂಡು ಆಚೆಯ ಇಳಿಜಾರಿನಲ್ಲಿ ಇಳಿದುಹೋದ. ಬೂಜೆಕ್ರಿ ಮತ್ತೆ ಕಲ್ಲಿನ ಮೇಲೆ ಕೂತ. ಕೂತಲ್ಲಿಗೇ ಕೆಳಗಿನಿಂದ ಒಂದು ಸದ್ದು ಕೇಳತೊಡಗಿತು. ಮೊದಲು ಗಾಳಿ ಎಂದುಕೊಂಡ. ಗಾಳಿಯಲ್ಲ, ನೀರು.

ಅವನು ಬಿದ್ದು ಎದ್ದು ಓಡಿದ. ಒರತೆಯ ಬಾಯಿಂದ ನೀರು ತೋಳಲ್ಲ, ತೊಡೆಯಷ್ಟು ದಪ್ಪ ನುಗ್ಗುತ್ತಿತ್ತು. ಕಾಲುವೆ ತುಂಬಿ, ಗದ್ದೆಯಿಂದ ಗದ್ದೆಗೆ ಬೆಳ್ಳಗೆ ಇಳಿಯುತ್ತಿತ್ತು. ಹೆದರಿಕೆಯೆಲ್ಲ ಮರೆತುಹೋಯಿತು. ತೂದಾ ಉಳಿದಳು, ತಾನೂ ಉಳಿದೆ, ಇನ್ನೇನು ಬೇಕು? ಕಾಲುವೆಯ ಬಳಿ ಅಸ್ಸೂ ಗುದ್ದಲಿ ಹಿಡಿದು ನೀರು ತಿರುಗಿಸುತ್ತಿದ್ದ.

“ಲೋ ಅಸ್ಸೂ, ಬಂದೆ ಕಣೋ.”

ಅಸ್ಸೂ ತಲೆಯೆತ್ತಿದ. ಹಳದಿ ಅಂಗಿ ನೋಡಿದ, ಬೆರಳುಬೂಟು ನೋಡಿದ. ಗುದ್ದಲಿಯನ್ನು ಮೆಲ್ಲಗೆ ಬೆನ್ನ ಹಿಂದೆ ಅಡಗಿಸಿದ.

“ದಯಮಾಡಿಸಬೇಕು,” ಎಂದ.

“ನಾನು ಕಣೋ, ಬೂಜೆಕ್ರಿ.”

“ಧ್ವನೀನೂ ಅವನದ್ದೇ ತಂದಿದ್ದೀರಿ. ಹಲ್ಲಿನ ಸಂದೀನೂ ಹಾಗೇ ಇದೆ. ದೊಡ್ಡ ಕೆಲ್ಸ, ಬಿಡಿ,” ಎಂದು ಅಸ್ಸೂ ಬೆನ್ನು ತೋರಿಸದೆ ಹಿಂದಕ್ಕೆ ನಡೆದ.

ಕಟ್ಟೆಯ ಬಳಿ ಮತ್ತೆ ಜನ ಸೇರಿದರು. ಬೂಜೆಕ್ರಿ ಬೂಟು ಕಿತ್ತೆಸೆದು ಉಗುರು ತೋರಿಸಿದ. ಮುಖದ್ದಮ್ ಬಗ್ಗಿ ಪರೀಕ್ಷಿಸಿ, ಈ ಸಲ ಉಗುರನ್ನೂ ಮರೆಯದೆ ಮಾಡಿದ್ದಾರೆ ಎಂದು ಮೆಚ್ಚಿಕೊಂಡ. ಬೂಜೆಕ್ರಿ ತನ್ನ ಅಪ್ಪನ ಹೆಸರು, ಅಜ್ಜನ ಹೆಸರು, ಅಸ್ಸೂ ಸರಿಸಿದ ಗಡಿಕಲ್ಲು ಎಲ್ಲ ಹೇಳಿದ. ಆ ಜನಕ್ಕೆ ಗೊತ್ತಿಲ್ಲದ್ದು ಏನಿದೆ ಎಂದು ಎಲ್ಲರೂ ತಲೆದೂಗಿದರು. ಕೊನೆಗೆ ಉಪ್ಪು ತಿಂದು ತೋರಿಸುತ್ತೇನೆ ಎಂದ. ಒಡೆಯರಿಗೆ ಉಪ್ಪು ಕೊಟ್ಟ ಪಾಪ ನಮಗೆ ಬೇಡ ಎಂದು ಯಾರೂ ಕೊಡಲಿಲ್ಲ.

ಲಲ್ಲಾ ಈಜ್ಜಾ ಅವನ ಮುಂದೆ ಬಂದು ತಗ್ಗಿ ನಿಂತಳು. “ಬೂಜೆಕ್ರಿನ ಕೊಟ್ವಿ, ನೀರು ಬಂತು. ಬೂಜೆಕ್ರಿ ವಾಪಸ್ ಬಂದಿದ್ರೆ ನೀರು ನಿಲ್ತಿತ್ತು. ನೀರು ನಿಂತಿಲ್ಲ. ಹಂಗಾಗಿ ತಾವು ಅವನಲ್ಲ.” ಅವಳು ಒಮ್ಮೆ ಒರತೆಯ ಕಡೆ ನೋಡಿದಳು. “ಅವನಾಗಿದ್ರೆ ಮಾತ್ರ ಯೋಚ್ನೆ ಮಾಡ್ಬೇಕಿತ್ತು. ಇನ್ನೊಂದು ಸಲ ಕಳಿಸ್ಬೇಕಾಗ್ತಿತ್ತು.”

ಜನ ಅವನನ್ನೇ ನೋಡುತ್ತಿದ್ದರು. ಅವರ ಹಿಂದೆ ನೀರು ಸದ್ದು ಮಾಡುತ್ತಿತ್ತು. ಬೂಜೆಕ್ರಿ ಬಾಯಿ ಮುಚ್ಚಿಕೊಂಡು ಬೂಟನ್ನು ಮತ್ತೆ ಹಾಕಿಕೊಂಡ.

ಅವನನ್ನು ಮೆರವಣಿಗೆಯಲ್ಲಿ ಅವನ ಮನೆಗೇ ಕರೆದೊಯ್ದು ಇಳಿಸಿದರು. ಒಳಗೆ ತೂದಾಳಾದರೂ ಗುರುತಿಸುತ್ತಾಳೆ ಎಂದು ಅವನು ಅವಸರದಿಂದ ಹೊಸ್ತಿಲು ದಾಟಿದ. ತೂದಾಳ ಕಣ್ಣುಗಳು ಅತ್ತು ಅತ್ತು ಊದಿದ್ದವು. ಅವಳು ತಲೆಬಟ್ಟೆ ಸರಿಮಾಡಿಕೊಂಡು, “ಬನ್ನಿ, ಕೂತ್ಕೊಳ್ಳಿ,” ಎಂದಳು. ಮನೆಯಲ್ಲಿದ್ದ ಒಳ್ಳೆಯ ದಿಂಬನ್ನು ಬೆನ್ನಿಗಿಟ್ಟಳು. ಇಷ್ಟು ಮರ್ಯಾದೆ ಅವನಿಗೆ ಮದುವೆಯ ದಿನವೂ ಸಿಕ್ಕಿರಲಿಲ್ಲ. ಬಡಿಸಿದ ಕುಸ್ಕುಸ್‌ನಲ್ಲಿ ಉಪ್ಪಿರಲಿಲ್ಲ.

“ತೂದಾ,” ಎಂದ ಅವನು.

ಅವಳು ಬೆಚ್ಚಿದಳು. ತುಂಬಾ ಹೊತ್ತು ಅವನ ಮುಖ ನೋಡಿದಳು. ಆಮೇಲೆ ಕಿಟಕಿಯಾಚೆ ಮುದುಡಿದ ಜೋಳ ನೀರು ಕುಡಿದು ನೆಟ್ಟಗಾಗುತ್ತಿರುವುದನ್ನು ನೋಡಿದಳು. ಬೆಳಕಿಂಡಿಯಲ್ಲಿ ಕಣ್ಣುಗಳಿದ್ದವು. ಅವಳು ಕೈಯನ್ನು ಮಡಿಲಲ್ಲಿ ಹಿಸುಕಿಕೊಂಡಳು.

“ನಮ್ಮನೆಯವರು ಅಲ್ಲಿ ಹೇಗಿದ್ದಾರೆ?” ಎಂದು ಕೇಳಿದಳು.

ಬೂಜೆಕ್ರಿ ತುತ್ತು ನುಂಗಿದ. “ಚೆನ್ನಾಗಿದ್ದಾರಮ್ಮ. ನಿಮ್ಮನ್ನ ತುಂಬಾ ನೆನೆಸ್ಕೋತಾರೆ.”

“ಅವ್ರಿಗೆ ಹೇಳ್ಬಿಡಿ,” ಎಂದಳು ತೂದಾ, “ನಾನು ಈ ಮನೆ ಬಿಟ್ಟು ಎಲ್ಲೂ ಹೋಗಲ್ಲ ಅಂತ.”

“ಹೇಳ್ತೀನಮ್ಮ,” ಎಂದ ಬೂಜೆಕ್ರಿ.